ಓಲೆಯಲ್ಲಿ ಇಲ್ಲದ ಸೊನ್ನೆ

ಗ್ರಂಥಸಂಪಾದನೆಯ ತರಗತಿಯಲ್ಲಿ ಪಾಠದೋಷಗಳ ಬಗೆಗಳನ್ನು ವಿವರಿಸುವಾಗ ನಾನು ಇಪ್ಪತ್ತು ವರ್ಷಗಳಿಂದ ಒಂದೇ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ: ಅಕ್ಷರಗಳ ಹೋಲಿಕೆಯಿಂದ ಬಂದ ತಪ್ಪು, ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರಿ ಬಿಟ್ಟುಹೋದ ಭಾಗ, ಬರೆದದ್ದನ್ನೇ ಮತ್ತೆ ಬರೆದ ಪುನರಾವೃತ್ತಿ, ಅರ್ಥವಾಗದ ಕಡೆ ಲಿಪಿಕಾರ ತಾನೇ ತಿದ್ದಲು ಹೋದ ಜಾಣತನ, ಓಲೆ ಮುರಿದು ಅಥವಾ ಹುಳು ತಿಂದು ಉಂಟಾದ ಗ್ರಂಥಪಾತ. ಈ ವರ್ಷ ಆ ಪಟ್ಟಿಗೆ ಆರನೆಯದೊಂದನ್ನು ಸೇರಿಸಬೇಕಾಗಿ ಬಂದಿದೆ. ಅದು ಗಣಕಯಂತ್ರದ ಗ್ರಾಫಿಕ್ಸ್ ಕಾರ್ಡಿನ ದಾರಿಯಿಂದ ನುಸುಳಿದ ದೋಷ. ಅದನ್ನು ಗುರುತಿಸಿದವನು ನಾನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ತುರುವೇಕೆರೆ ಕಡೆಯ ಒಂದು ಜೈನ ಮನೆತನದಲ್ಲಿ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ಕ್ಕೆ ರಚಿತವಾದ ಕನ್ನಡ ಟೀಕೆಯ ಓಲೆಕಟ್ಟೊಂದಿದೆ. ಒಟ್ಟು 84 ಓಲೆಗಳು. ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಹೀಗಾಗಿ ಟೀಕಾಕಾರನ ಹೆಸರಾಗಲಿ ಲಿಪಿಕಾರನ ಹೆಸರಾಗಲಿ ತಿಳಿಯದು. ಜ್ಯೇಷ್ಠ ಶುದ್ಧ ಪಂಚಮಿಯಂದು, ಅಂದರೆ ಶ್ರುತಪಂಚಮಿಯ ದಿನ, ಅದನ್ನು ಹೊರತೆಗೆದು ಧೂಳೊರೆಸಿ, ಪೂಜಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಒಳಗಿಡುವುದು ಆ ಮನೆಯ ರೂಢಿ. “ಆಚೆ ಕೊಡೋ ಪದ್ಧತಿ ಇಲ್ಲ ಮೇಷ್ಟ್ರೇ. ಇಲ್ಲೇ ಕೂತು ಎಷ್ಟು ಬೇಕಾದರೂ ಫೋಟೋ ತಗೊಳ್ಳಿ” ಎಂದರು ಮನೆಯ ಹಿರಿಯರು. ಮಾಘಮಾಸದ ಎರಡು ಹಗಲು ಅವರ ಪಡಸಾಲೆಯಲ್ಲಿ ಕುಳಿತು ಎರಡೂ ಮೈಗಳ 168 ಚಿತ್ರಗಳನ್ನು ತೆಗೆದೆವು. ಓಲೆ ಮಗುಚುವಾಗ ನಾಲ್ಕೈದು ಕಡೆ ಅಂಚು ಉದುರಿತು. ಇನ್ನೊಮ್ಮೆ ಇದನ್ನು ಬಿಚ್ಚಿಸಬಾರದು, ಇನ್ನು ಮುಂದೆ ಈ ಚಿತ್ರಗಳೇ ನಮಗೆ ಓಲೆ ಎಂದು ಅಂದೇ ನಿಶ್ಚಯಿಸಿದೆ.

ಓಲೆಯ ಮಸಿ ಬಹಳ ಕಡೆ ಅಳಿಸಿಹೋಗಿ, ಕಂಠದಿಂದ ಕೊರೆದ ಗೀರು ಮಾತ್ರ ಉಳಿದಿದೆ. ಅಂಥ ಚಿತ್ರದಲ್ಲಿ ನೆಲದ ಬಣ್ಣವನ್ನು ತಿಳಿಯಾಗಿಸಿ, ಗೀರನ್ನು ಕಪ್ಪಾಗಿಸಿ ತೋರಿಸುವ ತಂತ್ರಾಂಶಗಳಿವೆ. 24 ಮೆಗಾಪಿಕ್ಸೆಲ್‌ನ ಒಂದು ಚಿತ್ರವೆಂದರೆ 2 ಕೋಟಿ 40 ಲಕ್ಷ ಬಿಂದುಗಳು. ಪ್ರತಿಯೊಂದನ್ನೂ ಅದರ ನೆರೆಯ ಬಿಂದುಗಳೊಡನೆ ಹೋಲಿಸಿ ಲೆಕ್ಕ ಹಾಕಬೇಕು. ಗಣಕದ ಮುಖ್ಯ ಸಂಸ್ಕಾರಕ ಇದನ್ನು ಮಾಡಬಲ್ಲದಾದರೂ ನಿಧಾನ. ಗ್ರಾಫಿಕ್ಸ್ ಕಾರ್ಡಿನಲ್ಲಿ ಇಂಥ ಸಣ್ಣ ಲೆಕ್ಕವನ್ನು ಏಕಕಾಲಕ್ಕೆ ಮಾಡುವ ಸಾವಿರಾರು ಘಟಕಗಳಿರುವುದರಿಂದ ಗಂಟೆಯ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಈ ಉದ್ದೇಶಕ್ಕೆಂದೇ ನಾಲ್ಕು ವರ್ಷಗಳ ಹಿಂದೆ ತಿಪಟೂರಿನಲ್ಲಿ ಗಣಕಯಂತ್ರದ ಅಂಗಡಿಯಿಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನಗೊಂದು ಯಂತ್ರವನ್ನು ಜೋಡಿಸಿ ಕೊಟ್ಟಿದ್ದ. ಅಲ್ಲಿಯವರೆಗೆ ಅದು ಒಮ್ಮೆಯೂ ತಕರಾರು ಮಾಡಿರಲಿಲ್ಲ.

ಆಷಾಢದಲ್ಲಿ ಸಂಸ್ಕರಿಸಿದ ಚಿತ್ರಗಳನ್ನು ಓದುತ್ತಿದ್ದಾಗ 31ನೆಯ ಓಲೆಯಲ್ಲಿ ಒಂದು ಪದ ನನ್ನನ್ನು ತಡೆಯಿತು. ‘ಜ್ಞಾನಮದ’ ಎಂದಿರಬೇಕಾದ ಕಡೆ ಮ ಮತ್ತು ದ ಅಕ್ಷರಗಳ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆಯಿತ್ತು. ಅದನ್ನು ಸೊನ್ನೆಯೆಂದು ಓದಿದರೆ ‘ಜ್ಞಾನಮಂದ’ ಎಂದಾಗುತ್ತದೆ. ಸಮಂತಭದ್ರರು ಸಮ್ಯಗ್ದರ್ಶನಕ್ಕೆ ಕಳಂಕವಾಗುವ ಎಂಟು ಮದಗಳನ್ನು ಹೇಳುತ್ತಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು ಮತ್ತು ಶರೀರ. ಆ ಪಟ್ಟಿಯ ನಡುವೆಯೇ ಈ ಪದ ಬಂದಿದ್ದರೆ ಸಂದೇಹಕ್ಕೆ ಎಡೆಯಿರುತ್ತಿರಲಿಲ್ಲ. ಆದರೆ ಇದು ಪಟ್ಟಿ ಮುಗಿದ ಮೇಲೆ ಬರುವ ವಿವರಣೆಯ ಭಾಗ. ಅಲ್ಲಿ ‘ಮಂದ’ ಎಂದರೂ ಅರ್ಥ ಕೂಡುತ್ತಿತ್ತು. ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಮೂಲಕ್ಕೆ ಹತ್ತಿರವೆಂಬ ಸೂತ್ರವನ್ನು ಹಿಡಿದು, ಟೀಕಾಕಾರ ಇಲ್ಲಿ ಜ್ಞಾನದಿಂದ ಬರುವ ಗರ್ವವನ್ನೂ ಜ್ಞಾನದ ಕೊರತೆಯನ್ನೂ ಬೆಸೆದಿದ್ದಾನೆಂದು ಎರಡು ಪುಟದ ಟಿಪ್ಪಣಿ ಬರೆದೆ. ನನ್ನ ಮಾರ್ಗದರ್ಶನದಲ್ಲಿರುವ ಸಂಶೋಧನ ವಿದ್ಯಾರ್ಥಿನಿಗೆ ಅದನ್ನು ಆಕೆಯ ಪ್ರಬಂಧದಲ್ಲಿ ಉಲ್ಲೇಖಿಸಲೂ ಹೇಳಿದೆ.

ಹತ್ತು ದಿನಗಳ ನಂತರ ಆಕೆ ಅಳುಕುತ್ತಲೇ ಬಂದಳು. “ಸರ್, ಕ್ಯಾಮೆರಾದ ಮೂಲ ಚಿತ್ರದಲ್ಲಿ ಆ ಸೊನ್ನೆ ಇಲ್ಲ” ಎಂದಳು. ಮಸಿ ಅಳಿಸಿದ್ದರಿಂದ ಮೂಲದಲ್ಲಿ ಕಾಣದಿರಬಹುದು, ಕಾಣದ್ದನ್ನು ಕಾಣಿಸಲೆಂದೇ ಅಲ್ಲವೇ ಸಂಸ್ಕರಣ, ಎಂದು ನಾನು ವಾದಿಸಿದೆ. ಆಕೆ ತನ್ನ ನೋಟ್‌ಪುಸ್ತಕ ತೆರೆದಳು. ಆ ಓಲೆಯಲ್ಲಿ ಅಂಥದೇ ಇನ್ನೂ ಆರು ಚುಕ್ಕೆಗಳನ್ನು ಗುರುತಿಸಿದ್ದಳು. ಕೆಲವು ಬರಿಯ ಅಂಚಿನಲ್ಲಿದ್ದವು, ಕೆಲವು ಅಕ್ಷರದ ಹೊಟ್ಟೆಯೊಳಗೇ ಅಡಗಿದ್ದವು. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಇದ್ದ ಅಂತರ ಸರಿಯಾಗಿ 512 ಬಿಂದುಗಳು, ಅಥವಾ ಅದರ ಇಮ್ಮಡಿ, ಮುಮ್ಮಡಿ. ಬೇರೆ ನಾಲ್ಕು ಓಲೆಗಳಲ್ಲೂ ಹೀಗೆಯೇ ಇತ್ತು. ಯಾವ ಲಿಪಿಕಾರನೂ ಅಳತೆಗೋಲಿಟ್ಟು ಸೊನ್ನೆ ಬರೆಯುವುದಿಲ್ಲ. ತಂತ್ರಾಂಶವು ದೊಡ್ಡ ಚಿತ್ರವನ್ನು ಚೌಕಗಳಾಗಿ ಕತ್ತರಿಸಿ, ಒಂದೊಂದನ್ನೇ ಗ್ರಾಫಿಕ್ಸ್ ಕಾರ್ಡಿಗೆ ಕಳಿಸಿ, ಮರಳಿ ಬಂದದ್ದನ್ನು ಹೊಲಿಯುತ್ತದೆ. ಚುಕ್ಕೆಗಳು ಬಿದ್ದದ್ದು ಆ ಚೌಕಗಳ ಮೂಲೆಗಳು ಕೂಡುವ ಜಾಗದಲ್ಲಿ. ನಾನು ಎರಡು ಪುಟ ವ್ಯಾಖ್ಯಾನಿಸಿದ್ದು ಓಲೆಯನ್ನಲ್ಲ, ಒಂದು ಹೊಲಿಗೆಯ ಗಂಟನ್ನು.

ಗಣಕ ಬೇರೆ ರೀತಿಯಲ್ಲೂ ಸೂಚನೆ ಕೊಟ್ಟಿತ್ತು. ಜೂನ್‌ನಿಂದಲೇ, ಚಿತ್ರಗಳನ್ನು ಸಾಲಾಗಿ ಸಂಸ್ಕರಿಸುವಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾಗಿ ಎರಡು ಮೂರು ಕ್ಷಣಗಳಲ್ಲಿ ಮತ್ತೆ ಬೆಳಗುತ್ತಿತ್ತು. ಕೆಲವೊಮ್ಮೆ ಯಂತ್ರವೇ ನಿಂತು ಮರುಚಾಲನೆಯಾಗುತ್ತಿತ್ತು. ನಾನದನ್ನು ನಮ್ಮೂರಿನ ವಿದ್ಯುತ್ತಿನ ಏರುಪೇರೆಂದು ಸುಮ್ಮನಿದ್ದೆ. ಈಗ ಮೊದಲ ಬಾರಿಗೆ ಭಯವಾಯಿತು. ಯಂತ್ರ ನಿಂತರೆ ಸಮಯ ಹಾಳಾಗುತ್ತದೆ, ಅಷ್ಟೆ. ಅದು ನಿಲ್ಲದೆ ತಪ್ಪು ಬರೆದರೆ ಪಾಠ ಹಾಳಾಗುತ್ತದೆ. 168 ಚಿತ್ರಗಳಲ್ಲಿ ಯಾವುದನ್ನು ನಂಬುವುದು?

ಹಳೆಯ ವಿದ್ಯಾರ್ಥಿಗೆ ಫೋನು ಮಾಡಿ ಸ್ವಲ್ಪ ಬಿರುಸಾಗಿಯೇ ಹೇಳಿದೆ: “ನೀನು ಹಾಕಿಕೊಟ್ಟ ಕಾರ್ಡೇ ಸರಿಯಿಲ್ಲಪ್ಪ.” ಅವನು ಎದುರಾಡಲಿಲ್ಲ. “ಸರ್, ತೊಂದರೆ ಶುರುವಾಗೋಕೆ ಮುಂಚೆ ಏನಾದರೂ ಬದಲಾಯಿಸಿದ್ರಾ?” ಎಂದಷ್ಟೇ ಕೇಳಿದ. ಏನೂ ಇಲ್ಲ ಎಂದೆ. ಲಿಪಿಕಾರರನ್ನು ದೂರುವ ಸಂಪಾದಕರ ಬಗ್ಗೆ ತರಗತಿಯಲ್ಲಿ ಎಚ್ಚರಿಕೆ ಹೇಳುವವನು ನಾನೇ. ಆದರೂ ಅಂದು ನನಗೆ ಮೊದಲು ಹೊಳೆದದ್ದು ಬೇರೆಯವರ ಕೈತಪ್ಪು.

ಈ ಸೀಮೆಯಲ್ಲಿ ಪಾಠಶೋಧನೆಯ ಮಾತೆತ್ತಿದರೆ ಡಿ.ಎಲ್. ನರಸಿಂಹಾಚಾರ್ಯರ ನೆನಪು ತಪ್ಪದು. 1906ರಲ್ಲಿ ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿದ ಅವರು ‘ವಡ್ಡಾರಾಧನೆ’ಯನ್ನು ಸಂಪಾದಿಸಿದವರು, ‘ಕನ್ನಡ ಗ್ರಂಥಸಂಪಾದನೆ’ ಎಂಬ ಶಾಸ್ತ್ರಗ್ರಂಥವನ್ನು ಬರೆದವರು. ಅದೇ ವರ್ಷ ಅದೇ ತಾಲ್ಲೂಕಿನ ತೀರ್ಥಪುರದಲ್ಲಿ ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದರು. ಅವರ ಪರಂಪರೆಯ ಅಂಚಿನಲ್ಲಿ ನಿಂತು ಪಾಠ ಹೇಳುವವನಿಗೆ ಯಂತ್ರದ ದೋಷವನ್ನು ಹುಡುಕಲು ಬೇರೆ ಕ್ರಮ ಬೇಕಾಗಿಲ್ಲವೆನಿಸಿತು. ಪ್ರತಿಗಳನ್ನು ಸೇರಿಸು, ಹೋಲಿಸು, ವ್ಯತ್ಯಾಸಗಳನ್ನು ದಾಖಲಿಸು, ತಿದ್ದುವುದು ಕಟ್ಟಕಡೆಗೆ. ಹೊಸ ನೋಟ್‌ಪುಸ್ತಕವೊಂದರಲ್ಲಿ ದಿನಾಂಕ, ವೇಳೆ, ಮಾಡಿದ ಬದಲಾವಣೆ, ಕಂಡ ಫಲ ಎಂದು ನಾಲ್ಕು ಅಂಕಣ ಎಳೆದೆ.

ಮೊದಲ ಸಾಕ್ಷ್ಯ ಯಂತ್ರವೇ ಬರೆದಿಡುವ ದಿನಚರಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಎರಡು ಬಗೆಯ ನಮೂದುಗಳಿದ್ದವು. 4101 ಎಂಬ ಸಂಖ್ಯೆಯದು, ಚಿತ್ರದ ಡ್ರೈವರ್ ಉತ್ತರಿಸುವುದನ್ನು ನಿಲ್ಲಿಸಿ ಮತ್ತೆ ಚೇತರಿಸಿಕೊಂಡಿತೆಂದು ಹೇಳುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡುಗಳೊಳಗೆ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ಎಬ್ಬಿಸಿ ಕೂರಿಸುತ್ತದೆ. ಪರದೆ ಕಪ್ಪಾಗುವುದು ಆ ಹೊತ್ತಿನಲ್ಲಿ. 41 ಎಂಬ ಸಂಖ್ಯೆಯದು, ಯಂತ್ರ ಕ್ರಮಬದ್ಧವಾಗಿ ಮುಚ್ಚದೆ ನಿಂತುಹೋಗಿತ್ತೆಂದು ಮಾತ್ರ ತಿಳಿಸುತ್ತದೆ, ಏಕೆಂದು ತಿಳಿಸುವುದಿಲ್ಲ. ಎರಡೂ ರೋಗದ ಲಕ್ಷಣಗಳು, ರೋಗವಲ್ಲ.

ಡ್ರೈವರ್ ಎಂಬುದು ಗಣಕದ ಕಾರ್ಯವ್ಯವಸ್ಥೆಗೂ ಕಾರ್ಡಿಗೂ ನಡುವೆ ನಿಂತ ದುಭಾಷಿ. ಒಂದು ಕಡೆಯ ಆಜ್ಞೆಯನ್ನು ಇನ್ನೊಂದರ ಭಾಷೆಗೆ ತಿರುಗಿಸುವ ತಂತ್ರಾಂಶ ಅದು. ಹೊಸ ಆವೃತ್ತಿಗಳು ಆಗಾಗ ಬರುತ್ತಿರುತ್ತವೆ. ದಿನಚರಿಯನ್ನು ಹಿಂದಕ್ಕೆ ತಿರುವಿದಾಗ ಜೂನ್ ಮೊದಲ ವಾರದಲ್ಲಿ ಡ್ರೈವರ್ ತಾನಾಗಿಯೇ ಹೊಸ ಆವೃತ್ತಿಗೆ ಬದಲಾಗಿದ್ದು ಕಂಡಿತು. ತೊಂದರೆ ಶುರುವಾದದ್ದೂ ಅದೇ ವಾರ. ಸಿಕ್ಕಿತು ಕಳ್ಳನ ಜಾಡು ಎಂದುಕೊಂಡು, ಅದಕ್ಕಿಂತಲೂ ಹೊಸದು ಬಂದಿದೆಯೆಂದು ಅದನ್ನೇ ಹಾಕಿದೆ. ಚುಕ್ಕೆಗಳೂ ಉಳಿದವು, ಪರದೆ ಕಪ್ಪಾಗುವುದೂ ಉಳಿಯಿತು. ಕೊನೆಯ ಪ್ರತಿ ಎಲ್ಲಕ್ಕಿಂತ ಶುದ್ಧವಾಗಿರಬೇಕೆಂಬುದು ಓಲೆಗಳ ವಿಷಯದಲ್ಲಿ ನಾನು ಎಂದೂ ಒಪ್ಪದ ಮಾತು. ಯಂತ್ರದ ವಿಷಯದಲ್ಲಿ ಮಾತ್ರ ಏಕೆ ನಂಬಿದೆನೋ!

ಆಮೇಲೆ ಹಿಂದಕ್ಕೆ ಹೋದೆ. ಹಳೆಯ ಡ್ರೈವರನ್ನು ಹೊಸದರ ಮೇಲೆ ಹಾಕಿದರೆ ಮೊದಲಿನದರ ಚೂರುಗಳು ಉಳಿದು ಎರಡೂ ಬೆರೆಯುವ ಸಂಭವವಿದೆ. ಎರಡು ಪ್ರತಿಗಳ ಪಾಠಗಳು ಬೆರೆತು ಮಿಶ್ರಪಾಠವಾದಂತೆ. ಆದ್ದರಿಂದ ಇಂಟರ್‌ನೆಟ್ ತಂತಿಯನ್ನು ಕಿತ್ತು, ಯಂತ್ರವನ್ನು ಸೇಫ್ ಮೋಡ್‌ನಲ್ಲಿ ತೆರೆದು, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಸಾಧನದಿಂದ ಹಳೆಯದರ ಕುರುಹುಗಳನ್ನೆಲ್ಲ ಅಳಿಸಿದೆ. ತಂತಿ ಕೀಳದಿದ್ದರೆ ವಿಂಡೋಸ್ ತನಗೆ ತೋಚಿದ ಡ್ರೈವರನ್ನು ತಾನೇ ತಂದು ತುಂಬಿಬಿಡುತ್ತದೆ. ನಂತರ ಜೂನ್‌ಗೆ ಮೊದಲಿದ್ದ ಆವೃತ್ತಿಯನ್ನು ಹಾಕಿ 31ನೆಯ ಓಲೆಯನ್ನು ಮತ್ತೆ ಸಂಸ್ಕರಿಸಿದೆ. ಚುಕ್ಕೆ ಇರಲಿಲ್ಲ. ಮ ಮತ್ತು ದ ನಡುವೆ ಓಲೆಯ ಹಳದಿ ಮಾತ್ರ ಇತ್ತು.

ಆದರೆ ಅರ್ಧ ಗಂಟೆ ಸಾಲಾಗಿ ಓಡಿಸಿದ ಕೂಡಲೇ ಪರದೆ ಮತ್ತೆ ಕಪ್ಪಾಯಿತು. ಇಲ್ಲಿ ನಾನು ಎಡವಿದೆ. ಒಂದು ದೋಷ ಹೋಗಿ ಇನ್ನೊಂದು ಉಳಿದಿದ್ದರೆ ಕಾರಣಗಳು ಎರಡಿರಬಹುದೆಂದು ಯೋಚಿಸಬೇಕಿತ್ತು. ನಾನೋ, ಕಾರಣ ಒಂದೇ, ಅದು ಡ್ರೈವರಿಗಿಂತ ಆಳದಲ್ಲಿದೆ ಎಂದು ಭಾವಿಸಿ ಫರ್ಮ್‌ವೇರಿನ ಕಡೆ ತಿರುಗಿದೆ.

ಫರ್ಮ್‌ವೇರ್ ಯಂತ್ರಭಾಗದ ಚಿಪ್ಪಿನೊಳಗೇ ಬರೆದಿಟ್ಟ ಆದೇಶಗಳ ಪಾಠ. ವಿದ್ಯುತ್ ಬಂದೊಡನೆ ಮೊದಲು ಓದಲ್ಪಡುವುದು ಅದೇ. ಮದರ್‌ಬೋರ್ಡಿಗೆ ಒಂದು, ಗ್ರಾಫಿಕ್ಸ್ ಕಾರ್ಡಿಗೆ ಇನ್ನೊಂದು. ಡ್ರೈವರ್ ಕೆಟ್ಟರೆ ಅಳಿಸಿ ಮತ್ತೆ ಹಾಕಬಹುದು. ಫರ್ಮ್‌ವೇರನ್ನು ಹೊಸದಾಗಿ ಬರೆಯುವ ನಡುವೆ ವಿದ್ಯುತ್ ಹೋದರೆ ಹಳೆಯದು ಅಳಿಸಿರುತ್ತದೆ, ಹೊಸದು ಪೂರ್ಣವಾಗಿರುವುದಿಲ್ಲ; ಯಂತ್ರ ಮತ್ತೆ ಏಳದೇ ಹೋಗಬಹುದು. ಮಸಿ ಹಚ್ಚುವ ಭರದಲ್ಲಿ ಓಲೆ ಮುರಿದಂತೆ. ಮದರ್‌ಬೋರ್ಡಿನ ಬಯೋಸ್ ಆವೃತ್ತಿಯ ಟಿಪ್ಪಣಿಯಲ್ಲಿ ಗ್ರಾಫಿಕ್ಸ್ ಕಾರ್ಡುಗಳೊಡನೆ ಹೊಂದಾಣಿಕೆ ಸುಧಾರಿಸಿದೆಯೆಂಬ ಒಂದು ಸಾಲಿತ್ತು. ಆ ಸಾಲನ್ನು ನಂಬಿ, ಯುಪಿಎಸ್‌ನ ಬ್ಯಾಟರಿ ತುಂಬಿದೆಯೆಂದು ಖಚಿತಪಡಿಸಿಕೊಂಡು, ಮಳೆಯಿಲ್ಲದ ರಾತ್ರಿಯೊಂದರಲ್ಲಿ ಕುಳಿತೆ. ಪರದೆಯ ಮೇಲಿನ ಪಟ್ಟಿ ಅರ್ಧ ತುಂಬಿದ್ದಾಗ ಬೀದಿದೀಪ ಆರಿತು. ಯುಪಿಎಸ್ ಕೂಗತೊಡಗಿತು. ಆ ಮೂರು ನಿಮಿಷ ನಾನು ಣಮೋಕಾರ ಮಂತ್ರ ಜಪಿಸಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಬರಹ ಪೂರ್ಣವಾಯಿತು, ಯಂತ್ರ ಎದ್ದಿತು. ಮರುದಿನ ಪರದೆ ಎಂದಿನಂತೆಯೇ ಕಪ್ಪಾಯಿತು.

ಉಳಿದದ್ದು ಕಾರ್ಡಿನದೇ ಫರ್ಮ್‌ವೇರ್. ನನ್ನ ಕಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಗುಂಡಿಯಿದೆ. ಕಾರ್ಡಿನೊಳಗೆ ಫರ್ಮ್‌ವೇರಿನ ಎರಡು ಪ್ರತಿಗಳಿದ್ದು, ಗುಂಡಿ ಯಾವ ಕಡೆಗಿದೆಯೋ ಆ ಪ್ರತಿಯನ್ನು ಅದು ಓದುತ್ತದೆ. ಯಂತ್ರ ಆರಿಸಿ ಗುಂಡಿಯನ್ನು ಇನ್ನೊಂದು ಕಡೆಗೆ ಸರಿಸಿದೆ. ಫಲ ಅದೇ. ಪಾಠಶಾಸ್ತ್ರ ಓದಿದವನು ಇಲ್ಲೇ ನಿಲ್ಲಬೇಕಿತ್ತು. ಬೇರೆ ಬೇರೆ ಪ್ರತಿಗಳಲ್ಲಿ ಒಂದೇ ದೋಷ ಕಂಡರೆ ಅದು ಅವೆರಡಕ್ಕೂ ಹಿಂದಿನ ಯಾವುದೋ ಒಂದರಿಂದ ಬಂದಿದೆ ಎಂಬುದು ಮೊದಲ ಪಾಠ. ಆದರೆ ಹುಡುಕುತ್ತ ಹುಡುಕುತ್ತ ನನಗೆ ತಿದ್ದುವ ಹಟ ಬಂದಿತ್ತು. ಹೊಸ ಫರ್ಮ್‌ವೇರನ್ನು ಇಳಿಸಿಕೊಂಡು, ಬರೆಯುವ ಮುನ್ನ ಒಂದು ಮಾತು ಕೇಳೋಣವೆಂದು ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. “ಸರ್, ದಯವಿಟ್ಟು ಅದೊಂದು ಮಾಡಬೇಡಿ. ಸಾಯಂಕಾಲ ಅಂಗಡಿ ಮುಚ್ಚಿ ಬರ್ತೀನಿ” ಎಂದ.

ಬಂದವನು ಪರದೆಯನ್ನು ನೋಡಲೇ ಇಲ್ಲ. ಚಿತ್ರಗಳನ್ನು ಓಡಿಸಲು ಹೇಳಿ ಪೆಟ್ಟಿಗೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಿವಿಗೊಟ್ಟ. ಕೊಬ್ಬರಿ ಅಟ್ಟವಿರುವ ಮನೆಯಲ್ಲಿ ಬೆಳೆದ ಹುಡುಗ ಅವನು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿ ಉಂಡೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂಬುದನ್ನು ನಮ್ಮ ಕಡೆಯವರು ಒಡೆದು ನೋಡುವುದಿಲ್ಲ, ಅಲ್ಲಾಡಿಸಿ ಕೇಳುತ್ತಾರೆ. ಫ್ಯಾನು ಏರಿದ ಸದ್ದು ಕೇಳಿ “ಬಿಸಿಯಿಂದ ಅಲ್ಲ ಸರ್, ಗಾಳಿ ಚೆನ್ನಾಗಿ ಆಡ್ತಿದೆ” ಎಂದ. ಯಂತ್ರ ಆರಿಸಿ ಪಕ್ಕದ ತಗಡನ್ನು ಬಿಚ್ಚಿ ಟಾರ್ಚು ಹಿಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ನಾನು ಎರಡು ಬೇರೆ ಕೇಬಲ್ ಹಾಕಿದ್ದೆ. ಇದು ಒಂದೇ ಇದೆಯಲ್ಲ?” ಎಂದ.

ಆಗ ನೆನಪಾಯಿತು. ತೊಂದರೆ ಶುರುವಾದ ವಾರದಲ್ಲೇ ಶ್ರುತಪಂಚಮಿ ಬಂದಿತ್ತು. ಮನೆಯ ಗ್ರಂಥಗಳ ಧೂಳೊರೆಸಿದ ಮೇಲೆ, ಈಗಿನ ಕಾಲಕ್ಕೆ ಇದೂ ಒಂದು ಶಾಸ್ತ್ರಭಂಡಾರವೇ ಎಂದು ಗಣಕದ ಪೆಟ್ಟಿಗೆಯನ್ನೂ ಬಿಚ್ಚಿದ್ದೆ. ತೆಂಗಿನ ಮಟ್ಟೆಯ ನಾರುಪುಡಿ ನಮ್ಮ ಬೀದಿಯ ಗಾಳಿಯಲ್ಲೇ ಇದೆ. ಕಾರ್ಡಿನ ತಂಪುಪಟ್ಟಿಗಳ ಸಂದಿಯಲ್ಲಿ ಅದು ಕಂದು ಹತ್ತಿಯಂತೆ ಕೂತಿತ್ತು. ಕಾರ್ಡನ್ನು ಕಳಚಿ ಕುಂಚದಿಂದ ಶುಚಿಮಾಡಿ ಮರಳಿ ಕೂರಿಸುವಾಗ ಎರಡು ಕೇಬಲ್‌ಗಳು ತೊಡಕಾಗಿ ಕಂಡವು. ಅವುಗಳಲ್ಲಿ ಒಂದರ ತುದಿಯಲ್ಲೇ ಎರಡು ಕವಲುಗಳಿದ್ದುದರಿಂದ, ಅಂದವಾಗಿರಲೆಂದು ಎರಡನ್ನೂ ಕಾರ್ಡಿಗೆ ಸಿಕ್ಕಿಸಿ ಇನ್ನೊಂದು ಕೇಬಲನ್ನು ಮಡಿಸಿ ಒಳಗಿಟ್ಟಿದ್ದೆ. ಮದರ್‌ಬೋರ್ಡಿನ ಸೀಳಿನಿಂದ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಸಿಗುತ್ತದೆ. ಎಂಟು ಸೂಜಿಗಳ ಒಂದೊಂದು ಜೋಡಣೆಯೂ 150 ವ್ಯಾಟ್‌ವರೆಗೆ ಕೊಡಬೇಕು. ಎರಡರ ಹೊರೆಯನ್ನೂ ಒಂದೇ ಕೇಬಲ್ ಹೊತ್ತಾಗ, ಕಾರ್ಡ್ ಪೂರ್ಣ ದುಡಿಯುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿದು ಅದು ಮೂರ್ಛೆ ಹೋಗುತ್ತಿತ್ತು. ಪಾಠದಲ್ಲಿ ದೋಷವನ್ನು ಹುಡುಕುತ್ತ ನಾನು ತಿಂಗಳು ಕಳೆದಿದ್ದೆ. ದೋಷ ಇದ್ದದ್ದು ಓಲೆಯಂಥ ಸ್ಥೂಲವಸ್ತುವಿನಲ್ಲಿ, ತಪ್ಪು ಮಾಡಿದ ಲಿಪಿಕಾರ ನಾನೇ.

ಎರಡನೆಯ ಕೇಬಲನ್ನು ಅವನು ಸಿಕ್ಕಿಸಿದ. ಆ ರಾತ್ರಿ 168 ಚಿತ್ರಗಳೂ ತಡೆಯಿಲ್ಲದೆ ಮುಗಿದವು. ಮರುದಿನ ಇನ್ನೊಂದು ಪರೀಕ್ಷೆ ಮಾಡಿದೆ. ಕೇಬಲ್‌ಗಳನ್ನು ಹಾಗೆಯೇ ಬಿಟ್ಟು, ಜೂನ್‌ನ ಡ್ರೈವರನ್ನು ಮಾತ್ರ ಮತ್ತೆ ಹಾಕಿದೆ. ಪರದೆ ಕಪ್ಪಾಗಲಿಲ್ಲ, 31ನೆಯ ಓಲೆಯಲ್ಲಿ ಮಾತ್ರ ಸೊನ್ನೆ ತನ್ನ ಜಾಗಕ್ಕೆ ಮರಳಿತು. ಆ ಡ್ರೈವರಿಗೂ ನನ್ನ ತಂತ್ರಾಂಶಕ್ಕೂ ಹೊಂದಿಕೆಯಿರಲಿಲ್ಲ ಎಂಬುದು ಒಂದು, ನನ್ನ ಕೇಬಲ್ ಇನ್ನೊಂದು. ಒಂದೇ ವಾರದಲ್ಲಿ ಹುಟ್ಟಿದ ಎರಡು ಸ್ವತಂತ್ರ ದೋಷಗಳು ಪರಸ್ಪರ ಮರೆಯಾಗಿ ನಿಂತಿದ್ದವು. ಹಳೆಯ ಡ್ರೈವರಿಗೆ ಮರಳಿದ್ದೇನೆ.

ಸಂಶೋಧಕರು ಇದನ್ನು ಯಂತ್ರದ ಕಥೆಯೆಂದು ಬಿಡಬಾರದೆಂಬುದು ನನ್ನ ವಿನಂತಿ. ಮೂಡುಬಿದಿರೆಯ ಧವಲಾ ಗ್ರಂಥಗಳ ಮುದ್ರಣ 1939ರಲ್ಲಿ ಆರಂಭವಾದಾಗ ಸಂಪಾದಕರ ಕೈಯಲ್ಲಿದ್ದವು ಪ್ರತಿಗಳ ಪ್ರತಿಗಳು. ಮೂಡುಬಿದಿರೆಯ ತಾಳೆಯೋಲೆಗಳೊಡನೆ ತಾಳೆನೋಡಲು ಸಾಧ್ಯವಾದದ್ದು ಅನಂತರ. ಇಂದು ನಾವು ಓಲೆಯ ಚಿತ್ರ ಎಂದು ಕರೆಯುವುದೂ ಪ್ರತಿಯ ಪ್ರತಿಯೇ. ಕ್ಯಾಮೆರಾ ಒಬ್ಬ ಲಿಪಿಕಾರ, ತಂತ್ರಾಂಶ ಇನ್ನೊಬ್ಬ, ಡ್ರೈವರ್ ಮತ್ತೊಬ್ಬ. ಹಿಂದಿನವರಿಗೆ ಕೈಬರಹವಿತ್ತು, ಅವರ ತಪ್ಪಿಗೊಂದು ಚಹರೆಯಿತ್ತು. ಇವರ ತಪ್ಪು ಓಲೆಯ ಬಣ್ಣದಲ್ಲೇ, ಮಸಿಯ ಕಪ್ಪಿನಲ್ಲೇ ಬರುತ್ತದೆ. ಆದ್ದರಿಂದ ಕ್ಯಾಮೆರಾದ ಮೂಲ ಕಡತಗಳನ್ನು ಎಂದೂ ಅಳಿಸಬೇಡಿ. ಸಂಸ್ಕರಿಸಿದ ಚಿತ್ರದಲ್ಲಿ ಮಾತ್ರ ಕಾಣುವ ಪಾಠವನ್ನು ಪಾಠವೆಂದು ಎಣಿಸಬೇಡಿ. ಪ್ರತಿಗಳ ವಿವರಣೆಯಲ್ಲಿ ತಂತ್ರಾಂಶದ ಮತ್ತು ಡ್ರೈವರಿನ ಆವೃತ್ತಿಗಳನ್ನೂ ನಮೂದಿಸಿ. ಒಂದು ಬಾರಿಗೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಬರೆದಿಡಿ.

ಎರಡು ಪುಟದ ಟಿಪ್ಪಣಿಯನ್ನು ಹರಿದುಹಾಕಿದ್ದೇನೆ. ಪದ ‘ಜ್ಞಾನಮದ’ವೇ; ಎಂಟರಲ್ಲಿ ಅದನ್ನೇ ಮೊದಲು ಏಕೆ ಹೇಳಿದರೆಂಬುದು ಈಗ ಹೆಚ್ಚು ಸ್ಪಷ್ಟವಾಗಿದೆ. ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಆ ಸೊನ್ನೆಯ ಶೋಧ ಆಕೆಯ ಹೆಸರಿನಲ್ಲೇ ಒಂದು ಅನುಬಂಧವಾಗಿ ಸೇರಲಿದೆ. ಅಂಗಡಿಯ ಹುಡುಗನಲ್ಲಿ ಕ್ಷಮೆ ಕೇಳಿದೆ. “ಅಯ್ಯೋ ಬಿಡಿ ಸರ್, ನಾನೂ ನಿಮ್ಮ ಇಂಟರ್ನಲ್ಸ್‌ನಲ್ಲಿ ಎಷ್ಟು ತಪ್ಪು ಬರೆದಿಲ್ಲ” ಎಂದು ನಕ್ಕ. ಓಲೆಯ ಕೊನೆಯಲ್ಲಿ ಲಿಪಿಕಾರರು ತಿಥಿ, ಸ್ಥಳ, ಹೆಸರು ಬರೆದು ತಪ್ಪಿದ್ದರೆ ತಿದ್ದಿಕೊಳ್ಳಲು ಕೋರುವ ಪದ್ಧತಿಯಿತ್ತಲ್ಲ. ಹಾಗೆಯೇ ಒಂದು ಚೀಟಿ ಬರೆದು, ಕೇಬಲ್‌ಗಳು ಎರಡು, ಡ್ರೈವರ್ ಹಳೆಯದು, ತೆರೆದವನು ಇಂಥವನು ಎಂದು ನಮೂದಿಸಿ ಪೆಟ್ಟಿಗೆಯ ಒಳಬದಿಗೆ ಅಂಟಿಸಿದ್ದೇನೆ. ಮುಂದಿನ ಸಲ ಅದನ್ನು ಬಿಚ್ಚಿದ ಅವನು ಓದಿ, “ಸರ್, ಎಲ್ಲ ಸರಿ. ತಿಥಿ ಹಾಕಿದ್ದೀರಿ, ತಾರೀಖು ಹಾಕಿಲ್ಲ” ಎಂದ. ತಾರೀಖನ್ನೂ ಸೇರಿಸಿದೆ.